ಮುಖವಿಲ್ಲದ ನಾಯಕರು: ‘ದಿ ಡಾಲೆಕ್ಸ್’ ಚಿತ್ರಕಥಾ ಸಂಪುಟವನ್ನು ಒಬ್ಬ ಮುದ್ರಕ ಓದಿದ ಬಗೆ

ಹುಬ್ಬಿಲ್ಲ, ತುಟಿಯಿಲ್ಲ, ಕಾಲಿಲ್ಲ. ಮುಂದಕ್ಕೆ ಚಾಚಿದ ಒಂದು ಕಣ್ಣಿನ ಕೋಲು, ಒಂದು ಬಂದೂಕು, ಹಿಡಿಯಲು ಒಂದು ಬಟ್ಟಲಿನಂಥ ಕೈ. ಕೆಳಗೆ ಅರ್ಧಗೋಲಗಳನ್ನು ಸಾಲಾಗಿ ಕೂರಿಸಿದ ಲೋಹದ ಕವಚ. ಇಂಥ ಪಾತ್ರವನ್ನು ನಡುವೆ ನಿಲ್ಲಿಸಿಕೊಂಡು ವಾರಕ್ಕೊಂದು ಪುಟದಂತೆ ಎರಡು ವರ್ಷ ಕಥೆ ನಡೆಸಬೇಕು, ಮಕ್ಕಳು ಮುಂದಿನ ವಾರಕ್ಕೆ ಕಾಯುವಂತೆಯೂ ಮಾಡಬೇಕು. ಇದನ್ನು ಕೆಲವು ಬ್ರಿಟಿಷ್ ಚಿತ್ರಕಾರರು 1965ರಲ್ಲಿ ಆರಂಭಿಸಿ 1967ರ ಜನವರಿಯವರೆಗೆ ಮಾಡಿ ತೋರಿಸಿದರು. ಆ ಚಿತ್ರಕಥೆಯ, ಅಂದರೆ ಕಾಮಿಕ್ಸ್‌ನ, 104 ಕಂತುಗಳು ಒಟ್ಟಾಗಿ 2020ರಲ್ಲಿ ಮರುಮುದ್ರಣವಾದವು. ಆ ಪುಸ್ತಕವೇ ಈಗ ನನ್ನ ಮೇಜಿನ ಮೇಲಿದೆ.

ತುಮಕೂರಿನ ಚಿಕ್ಕಪೇಟೆಯಲ್ಲಿ ನನ್ನದೊಂದು ಮುದ್ರಣಾಲಯವಿದೆ. ಮದುವೆಯ ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಿದ್ಧಗಂಗೆಯ ಜಾತ್ರೆ ಹತ್ತಿರವಾದರೆ ಭಿತ್ತಿಪತ್ರ, ಇವೇ ನಮ್ಮ ಕೆಲಸ. ಆಷಾಢದಲ್ಲಿ ಲಗ್ನಪತ್ರಿಕೆಗಳಿಲ್ಲದೆ ಯಂತ್ರಕ್ಕೂ ನನಗೂ ಬಿಡುವು. ಇಂಗ್ಲೆಂಡಿನಲ್ಲಿ ಓದುತ್ತಿರುವ ತಂಗಿಯ ಮಗಳು ರಜೆಗೆ ಬಂದಾಗ ತಂದುಕೊಟ್ಟ ಈ ಪುಸ್ತಕವನ್ನು ನಾನು ಓದಿದ್ದು ಆ ಬಿಡುವಿನಲ್ಲೇ. ಹಾಗಾಗಿ ಕಥೆಗಿಂತ ಮೊದಲು ಕಣ್ಣು ಹೋದದ್ದು ಮಸಿಯ ಕಡೆಗೆ.

ಮೂಲವನ್ನು ಸ್ವಲ್ಪ ಹೇಳಬೇಕು. ‘ಡಾಕ್ಟರ್ ಹೂ’ ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ, ಡಾಕ್ಟರ್ ಎಂಬುವನೇ ಅದರ ನಾಯಕ. 1963ರ ನವೆಂಬರ್ 23ರಂದು ಆರಂಭವಾಯಿತು. ಒಂದು ತಿಂಗಳೊಳಗೆ ಅದರಲ್ಲಿ ಡಾಲೆಕ್‌ಗಳು, ಅಂದರೆ ಮೊದಲಲ್ಲಿ ಹೇಳಿದ ಲೋಹದ ಕವಚದ ಖಳರು, ಕಾಣಿಸಿಕೊಂಡವು. ಅವುಗಳನ್ನು ಕಲ್ಪಿಸಿದವರು ಟೆರ್ರಿ ನೇಷನ್, ರೂಪ ಕೊಟ್ಟವರು ರೇಮಂಡ್ ಕ್ಯೂಸಿಕ್. ಇಡೀ ಬ್ರಿಟನ್ನಿನ ಮಕ್ಕಳು ಅವಕ್ಕೆ ಮರುಳಾದರು. 1965ರ ಜನವರಿಯಲ್ಲಿ ‘ಟಿವಿ ಸೆಂಚುರಿ 21’ ಎಂಬ ಮಕ್ಕಳ ವಾರಪತ್ರಿಕೆ ಹೊರಟಾಗ ಅದರ ಹಿಂಬದಿಯ ಪುಟವನ್ನು ಡಾಲೆಕ್‌ಗಳಿಗೆ ಬಿಟ್ಟುಕೊಟ್ಟರು. ಆ ಪತ್ರಿಕೆಯ ಮೇಲೆ ಮುದ್ರಿಸುತ್ತಿದ್ದ ದಿನಾಂಕ ಸರಿಯಾಗಿ ನೂರು ವರ್ಷ ಮುಂದಿನದು. ಮುಖಪುಟವನ್ನು ಭವಿಷ್ಯದ ದಿನಪತ್ರಿಕೆಯಂತೆ ಜೋಡಿಸುತ್ತಿದ್ದರು. ಮಗುವಿನ ಕಲ್ಪನೆಯನ್ನು ಇಷ್ಟು ಗೌರವದಿಂದ ಕಂಡ ಸಂಪಾದಕ ಅಲನ್ ಫೆನೆಲ್ ಅವರ ಬಗ್ಗೆ ನನಗೆ ತುಂಬ ಅಭಿಮಾನ ಹುಟ್ಟಿತು.

“ಮಾವ, ಇದರಲ್ಲಿ ಡಾಕ್ಟರ್ ಎಲ್ಲಿದ್ದಾರೆ?” ಎಂದು ತಂಗಿಯ ಮಗಳು ಪುಟ ತಿರುವುತ್ತಾ ಕೇಳಿದಳು. ಎಲ್ಲಿಯೂ ಇಲ್ಲ. ಡಾಕ್ಟರನ ಚಿತ್ರಕಥೆಯ ಹಕ್ಕು ‘ಟಿವಿ ಕಾಮಿಕ್’ ಎಂಬ ಬೇರೆ ವಾರಪತ್ರಿಕೆಯಲ್ಲಿತ್ತು. ಆದರೆ ಡಾಲೆಕ್‌ಗಳ ಮೇಲೆ ಟೆರ್ರಿ ನೇಷನ್ ಅವರಿಗೂ ಹಕ್ಕಿತ್ತು. ಹಾಗಾಗಿ ನಾಯಕನನ್ನು ಬಿಟ್ಟು ಖಳರನ್ನು ಮಾತ್ರ ಇಟ್ಟುಕೊಂಡು ಕಥೆ ಹೆಣೆಯಬೇಕಾಯಿತು. ಈ ಕಾಗದಪತ್ರದ ಕಟ್ಟುಪಾಡೇ ಚಿತ್ರಕಥೆಗೆ ವರವಾಯಿತೆಂಬುದು ನನ್ನ ದೃಢ ಅಭಿಪ್ರಾಯ. ಕಾಪಾಡಲು ಯಾರೂ ಬರುವುದಿಲ್ಲವೆಂದು ಗೊತ್ತಾದ ಮೇಲೆ ಓದುಗ ಡಾಲೆಕ್‌ಗಳ ಪಕ್ಕದಲ್ಲೇ ನಿಂತು ಅವುಗಳ ಲೋಕವನ್ನು ನೋಡಬೇಕಾಗುತ್ತದೆ. ಅವುಗಳಿಗೆ ಅಪಾಯ ಬಂದಾಗ ನಮಗೆ ಆತಂಕವಾಗುತ್ತದೆ, ಗೆದ್ದಾಗ ಬೇರೆಯದೇ ಆತಂಕ.

ಬರಹದಲ್ಲಿ ಹೆಚ್ಚಿನ ಪಾಲು ಡೇವಿಡ್ ವಿಟಕರ್ ಅವರದು. ಧಾರಾವಾಹಿಯ ಮೊದಲ ಕಥಾಸಂಪಾದಕರೂ ಅವರೇ. ಆರಂಭದ ಕಂತುಗಳಲ್ಲಿ ಸ್ಕಾರೋ ಎಂಬ ಗ್ರಹ ಬಾಂಬಿನಿಂದ ಸುಟ್ಟುಹೋಗುತ್ತದೆ. ಉಳಿದ ಇಬ್ಬರ ಮುಂದೆ ಲೋಹದ ಕವಚವೊಂದು ತಾನೇ ಅಲುಗಾಡುತ್ತದೆ. ವಿಕಿರಣದಿಂದ ವಿಕಾರಗೊಂಡ ಜೀವವೊಂದು ಅದರೊಳಗೆ ಸೇರಿಕೊಂಡಿರುತ್ತದೆ. ಅಂಥ ಇನ್ನಷ್ಟು ಯಂತ್ರಗಳನ್ನು ಆ ಇಬ್ಬರೇ ನಿರ್ಮಿಸಿಕೊಟ್ಟು ಸಾಯುತ್ತಾರೆ. ಆಮೇಲೆ ಆ ಮೊದಲ ಡಾಲೆಕ್ ತನಗೊಂದು ಹೊಸ ಕವಚ ಮಾಡಿಸಿಕೊಂಡು ಚಕ್ರವರ್ತಿಯಾಗುತ್ತದೆ. ಫ್ಲಿಡಾರ್ ಚಿನ್ನ, ಸ್ಫಟಿಕ, ಆರ್ಕೆಲಿಸ್ ಎಂಬ ಹೂವಿನ ರಸ, ಈ ಮೂರನ್ನು ಬೆರೆಸಿದ ಮಿಶ್ರಲೋಹದ ಕವಚ ಅದು. ತಲೆ ಮಾತ್ರ ದೊಡ್ಡ ಹೊಂಬಣ್ಣದ ಗುಂಡು.

ಈ ಪುಟಗಳನ್ನು ಬರೆದ ಚಿತ್ರಕಾರ ರಿಚರ್ಡ್ ಜೆನ್ನಿಂಗ್ಸ್. ಅವರ ಕೈ ವಾಸ್ತವದ ಕಡೆಗೆ ವಾಲುತ್ತದೆ. ಗುಮ್ಮಟ, ಕೊಳವೆ, ಸೇತುವೆಗಳೆಲ್ಲ ಯಾರೋ ನಕ್ಷೆ ಹಾಕಿ ಕಟ್ಟಿದಂತಿವೆ. ಮುಂದೆ ರಾನ್ ಟರ್ನರ್ ಕೈಗೆತ್ತಿಕೊಂಡಾಗ ಪುಟದ ಲಯವೇ ಬದಲಾಗುತ್ತದೆ. ಚೌಕಟ್ಟುಗಳು ಓರೆಯಾಗುತ್ತವೆ, ನೆರಳು ದಟ್ಟವಾಗುತ್ತದೆ, ಆಕಾಶಕ್ಕೆ ಹಸಿರು, ನೇರಳೆ ಬರುತ್ತದೆ. ನನಗೆ ಟರ್ನರ್ ಹೆಚ್ಚು ಇಷ್ಟ. ಯಂತ್ರಕ್ಕೆ ಮುಖವಿಲ್ಲವೆಂಬ ಕೊರತೆಯನ್ನು ಅವರು ನೋಟದ ಕೋನದಿಂದ ತುಂಬುತ್ತಾರೆ. ಹೆದರಿದ ಡಾಲೆಕ್‌ ಅನ್ನು ಮೇಲಿನಿಂದ ನೋಡಿ ಬರೆಯುತ್ತಾರೆ, ಕುಗ್ಗಿದಂತೆ ಕಾಣುತ್ತದೆ. ಆಜ್ಞೆ ಕೊಡುವುದನ್ನು ನೆಲಮಟ್ಟದಿಂದ ಬರೆಯುತ್ತಾರೆ, ಕಣ್ಣಿನ ಕೋಲು ಚೌಕಟ್ಟನ್ನೇ ಸೀಳಿಕೊಂಡು ಬರುವಂತಿರುತ್ತದೆ. ಕೋಲಿನ ಓರೆ ಸ್ವಲ್ಪ ಬದಲಾದರೂ ಸಾಕು, ಆ ಪಾತ್ರದ ಮನಸ್ಸು ಬದಲಾಗಿದೆಯೆಂದು ತಿಳಿಯುತ್ತದೆ. ಭೂತಗನ್ನಡಿ ಹಿಡಿದು ನಾನು ಈ ಚೌಕಟ್ಟುಗಳನ್ನೇ ಮತ್ತೆ ಮತ್ತೆ ನೋಡಿದೆ.

ಈಗ ಬಣ್ಣದ ಮಾತು. ನನಗೆ ಈ ಪುಸ್ತಕದ ಜೀವಾಳ ಅದೇ. ಧಾರಾವಾಹಿ ಆಗ ಕಪ್ಪುಬಿಳುಪಿನಲ್ಲಿತ್ತು. ‘ಡಾಕ್ಟರ್ ಹೂ’ ಬಣ್ಣಕ್ಕೆ ತಿರುಗಿದ್ದು 1970ರ ಜನವರಿಯಲ್ಲಿ. ಅಂದರೆ 1965ರ ಆರಂಭದಲ್ಲಿ ಟಿವಿಯ ಬೂದುಬಣ್ಣದ ಡಾಲೆಕ್‌ ಅನ್ನಷ್ಟೇ ಬಲ್ಲ ಮಗುವಿನ ಮುಂದೆ ಈ ಹಿಂಬದಿ ಪುಟ ಚಿನ್ನದ ಚಕ್ರವರ್ತಿಯನ್ನು ತಂದು ನಿಲ್ಲಿಸಿತು. ಟಿವಿಗೆ ಸಾಧ್ಯವಾಗದ ಇನ್ನೊಂದು ವಿಷಯ ಸಂಖ್ಯೆ. ಮೊದಲ ಕಥೆಗೆ ಸ್ಟುಡಿಯೋದಲ್ಲಿ ತಯಾರಿಸಿದ್ದು ನಾಲ್ಕೇ ಡಾಲೆಕ್‌ಗಳನ್ನು. ಚಿತ್ರಕಾರನಿಗೆ ಆ ಬಡತನವಿಲ್ಲ. ದಂಡುದಂಡಾಗಿ ನಿಲ್ಲಿಸಿದ್ದಾರೆ, ದುಂಡನೆಯ ತಟ್ಟೆಗಳ ಮೇಲೆ ಆಕಾಶದಲ್ಲಿ ಹಾರಿಸಿದ್ದಾರೆ.

ಆ ಪತ್ರಿಕೆಯನ್ನು ಲಿವರ್‌ಪೂಲ್‌ನ ಎರಿಕ್ ಬೆಮ್ರೋಸ್ ಮುದ್ರಣಾಲಯ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚು ಹಾಕುತ್ತಿತ್ತು. ನಮ್ಮ ಆಫ್‌ಸೆಟ್‌ನಲ್ಲಿ ಸಣ್ಣ ದೊಡ್ಡ ಚುಕ್ಕೆಗಳಿಂದ ತಿಳಿ, ಗಾಢ ಬಣ್ಣಗಳ ಭ್ರಮೆ ಹುಟ್ಟಿಸುತ್ತೇವೆ. ಗ್ರಾವ್ಯೂರ್‌ನಲ್ಲಿ ಸಿಲಿಂಡರಿನ ಮೇಲೆ ಕೊರೆದ ಗುಳಿಗಳಲ್ಲಿ ಮಸಿ ನಿಲ್ಲುತ್ತದೆ. ಆಳವಾದ ಗುಳಿಯಲ್ಲಿ ಹೆಚ್ಚು ಮಸಿ, ಆಳವಿಲ್ಲದ್ದರಲ್ಲಿ ಕಡಿಮೆ. ಆದ್ದರಿಂದ ಬಣ್ಣ ಒಂದರೊಳಗೊಂದು ಕರಗುತ್ತದೆ, ಸಾಧಾರಣ ಕಾಗದದ ಮೇಲೂ ತುಂಬಿ ನಿಲ್ಲುತ್ತದೆ. ಸಿಲಿಂಡರ್ ಕೊರೆಯುವ ಖರ್ಚು ದೊಡ್ಡದು, ಲಕ್ಷಗಟ್ಟಲೆ ಪ್ರತಿಗಳಿದ್ದರೆ ಮಾತ್ರ ಗಿಟ್ಟುತ್ತದೆ. ಮಕ್ಕಳ ಪತ್ರಿಕೆಗೆ ಅಂಥ ಮುದ್ರಣ ಕೊಟ್ಟರಲ್ಲ ಎಂದು ನನ್ನಂಥವನಿಗೆ ಹೊಟ್ಟೆ ತುಂಬಿದ ಸಂತೋಷವಾಗುತ್ತದೆ. ನಾನು ಚಿಕ್ಕಂದಿನಲ್ಲಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು ಓದುತ್ತಿದ್ದ ‘ಬಾಲಮಂಗಳ’ದ ಡಿಂಗನ ಪುಟಗಳಲ್ಲಿ ಬಣ್ಣ ಗೆರೆಯಿಂದಾಚೆ ಜಾರಿದ್ದರೂ ನಾವು ಪ್ರೀತಿಯಿಂದಲೇ ಓದಿದೆವು. ಹಾಗೆಂದು ಮಕ್ಕಳಿಗೆ ಒಳ್ಳೆಯ ಅಚ್ಚು ಬೇಡವೆಂದಲ್ಲ.

ಇಡೀ ಸಂಪುಟದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ‘ಶ್ಯಾಡೋ ಆಫ್ ಹ್ಯುಮಾನಿಟಿ’. ರಸ್ತೆ ಮಾಡುವ ಕೆಲಸದಲ್ಲಿದ್ದ ಒಂದು ಡಾಲೆಕ್ ಆರ್ಕೆಲಿಸ್ ಹೂಗಳ ಮುಂದೆ ನಿಂತುಬಿಡುತ್ತದೆ. ಅವು ಸುಂದರವಾಗಿವೆ, ನಾಶ ಮಾಡಲಾರೆ ಎನ್ನುತ್ತದೆ. ಚಕ್ರವರ್ತಿಯ ಕವಚಕ್ಕೆ ರಸ ಕೊಟ್ಟ ಹೂವೇ ಇದು ಎಂಬುದನ್ನು ಯಾರೂ ನೆನಪಿಸುವುದಿಲ್ಲ, ಓದುಗನೇ ನೆನಪಿಟ್ಟುಕೊಳ್ಳಬೇಕು. ಬಂದೂಕನ್ನೇ ಅಂಗವಾಗಿ ಹೊತ್ತ ಜೀವಕ್ಕೆ ಚೆಲುವು ಕಂಡರೆ ಅದರ ಗತಿಯೇನು? ಮಕ್ಕಳ ಪತ್ರಿಕೆಯ ಹಿಂಬದಿಯಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದಾರೆ, ಉಪದೇಶದ ಒಂದು ಸಾಲೂ ಇಲ್ಲದೆ.

ಕೊರತೆಗಳೂ ಇವೆ. ವಾರಕ್ಕೊಂದೇ ಪುಟವಾದ್ದರಿಂದ ಪ್ರತಿ ಪುಟದ ಕೊನೆಯಲ್ಲೂ ಒಂದು ಗಂಡಾಂತರ ಬರಲೇಬೇಕು. ಒಂದೇ ಸಲಕ್ಕೆ ಇಪ್ಪತ್ತು ಪುಟ ಓದಿದರೆ ಆ ಏದುಸಿರು ದಣಿಸುತ್ತದೆ. ಕಥೆಯ ಮುಕ್ತಾಯಗಳು ಅವಸರದವು, ತಿಂಗಳುಗಟ್ಟಲೆ ಕಟ್ಟಿದ್ದು ಎರಡು ಚೌಕಟ್ಟಿನಲ್ಲಿ ಮುಗಿಯುತ್ತದೆ. ಬೇರೆ ಗ್ರಹದ ಮನುಷ್ಯರು ಬಂದಾಗ ಅವರ ಮಾತು ಮರದ ಬೊಂಬೆಯ ಮಾತಿನಂತಿದೆ, ಅವರಿಗಿಂತ ಡಾಲೆಕ್‌ಗಳಲ್ಲೇ ಹೆಚ್ಚು ಜೀವವಿದೆ. ಹೆಣ್ಣು ಪಾತ್ರಗಳು ತೀರ ಕಡಿಮೆ. ಡಾಲೆಕ್‌ಗಳು ಭೂಮಿ ಇರುವ ಜಾಗವನ್ನು ಪತ್ತೆ ಹಚ್ಚಿ ದಂಡೆತ್ತಿ ಹೊರಡುವ ಹೊತ್ತಿಗೆ ಕಥೆ ನಿಂತುಹೋಗುತ್ತದೆ. ಮುಂದಿನದನ್ನು ಟಿವಿಯಲ್ಲಿ ನೋಡಿಕೊಳ್ಳಬೇಕು. ಧಾರಾವಾಹಿ ನೋಡದವರಿಗೆ ಇದು ನಿಜಕ್ಕೂ ನಷ್ಟ.

ಕನ್ನಡದಲ್ಲಿ ಹೇಗಿರುತ್ತದೆಂದು ನೋಡುವ ಆಸೆಯಿಂದ ಒಂದು ಪುಟದ ಮಾತುಗಳನ್ನು ಕನ್ನಡಿಸಿ ಗಣಕದಲ್ಲಿ ಜೋಡಿಸಿ ನೋಡಿದೆ, ಮನೆಯವರಿಗೆ ತೋರಿಸಲು ಮಾತ್ರ. ಡಾಲೆಕ್‌ಗಳ ಮಾತು ಮೂಲದಲ್ಲಿ ಕೋನಕೋನವಾದ ದೊಡ್ಡಕ್ಷರಗಳಲ್ಲಿದೆ, ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು, ಮಾತಿನ ಗುಳ್ಳೆ ಉಬ್ಬಿ ಚಿತ್ರವನ್ನು ನುಂಗುತ್ತದೆ. ವಾಕ್ಯ ಮೊಟಕು ಮಾಡಿ, ‘ನಿಲ್ಲು’, ‘ಶರಣಾಗು’, ‘ನಾಶಮಾಡಿ’ ಎಂದು ಒಂದೊಂದೇ ಪದಕ್ಕೆ ಇಳಿಸಿದಾಗ ಸರಿಹೋಯಿತು, ಆ ಲೋಹದ ಗಂಟಲಿಗೆ ಚೆನ್ನಾಗಿಯೂ ಒಪ್ಪಿತು. ಯಾರಾದರೂ ಹಕ್ಕು ಪಡೆದು ಕನ್ನಡಕ್ಕೆ ತರುವುದಾದರೆ ಅಕ್ಷರಗಳನ್ನು ಕೈಯಿಂದಲೇ ಬರೆಸಬೇಕು.

ಕೊಳ್ಳುವವರು ಮೊದಲಿಂದ ಕ್ರಮವಾಗಿ ಓದಬೇಕಾಗಿಲ್ಲ. ‘ಡ್ಯುಯಲ್ ಆಫ್ ದಿ ಡಾಲೆಕ್ಸ್’ನಿಂದ ಆರಂಭಿಸಿ. ಝೆಗ್ ಎಂಬ ಡಾಲೆಕ್ ಅಪಘಾತವೊಂದರಲ್ಲಿ ಹೊಸ ಕವಚ, ಹೊಸ ಬುದ್ಧಿ ಪಡೆದು ಚಕ್ರವರ್ತಿಗೇ ಸವಾಲು ಹಾಕುತ್ತದೆ. ಯಾರು ಆಳಬೇಕೆಂದು ಇಬ್ಬರೂ ಯಂತ್ರಮಿದುಳನ್ನು ಕೇಳುತ್ತಾರೆ, ಕಾದಾಡಿ ತೀರ್ಮಾನಿಸಿಕೊಳ್ಳಿ ಎಂಬ ಉತ್ತರ ಬರುತ್ತದೆ. ಅದು ಹಿಡಿಸಿದರೆ ಚಕ್ರವರ್ತಿ ಹುಟ್ಟಿದ ಮೊದಲ ಪುಟಗಳಿಗೆ ಹಿಂದಿರುಗಿ. ದಿನಕ್ಕೆ ನಾಲ್ಕೈದು ಪುಟ ಸಾಕು. ಹತ್ತು ವರ್ಷ ದಾಟಿದ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು, ಸಾವುಗಳು ಬಹಳ ಇವೆ, ರಕ್ತವಿಲ್ಲ. ಹಗಲು ಬೆಳಕಿನಲ್ಲಿ ಓದಲು ಹೇಳಿ, ಟರ್ನರ್ ಅವರ ನೇರಳೆ ಬಣ್ಣ ದೀಪದ ಬೆಳಕಿನಲ್ಲಿ ಕಪ್ಪಾಗಿಬಿಡುತ್ತದೆ.