ಸಿಂಗಪುರದ ಚೀನೀ ವೈದ್ಯಶಾಲೆ: ಸೂಜಿಗೆ ಮೆಚ್ಚುಗೆ, ಪುಡಿಗೆ ತಕರಾರು

ಅರೆತಲೆನೋವಿಗಾಗಿ ಸಿಂಗಪುರದ ನಮ್ಮ ಬಡಾವಣೆಯ ಚೀನೀ ವೈದ್ಯಶಾಲೆಯೊಂದರಲ್ಲಿ ಕೆಲವು ವರ್ಷಗಳಿಂದ ಅಕ್ಯುಪಂಕ್ಚರ್, ಅಂದರೆ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದೇನೆ. ಇಲ್ಲಿ ಇದು ಕಾನೂನಿಗೆ ಒಳಪಟ್ಟ ವೃತ್ತಿ. 2000ರಲ್ಲಿ ಬಂದ ಕಾಯ್ದೆಯ ಪ್ರಕಾರ ಚೀನೀ ಪದ್ಧತಿಯ ವೈದ್ಯರು ತಮ್ಮ ವೃತ್ತಿಗೆಂದೇ ಇರುವ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಲೇಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಮೊದಲ ಸಲ ಹೋಗುವವರು ಬೋರ್ಡಿನ ಅಂದಚಂದ ನೋಡುವ ಮೊದಲು ವೈದ್ಯರ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಮೊದಲ ಭೇಟಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸೂಜಿಯಲ್ಲ, ವಿಚಾರಣೆ. ನಿದ್ರೆ ಹೇಗೆ, ರಾತ್ರಿ ಬೆವರುತ್ತೀರಾ, ಬಾಯಾರಿದಾಗ ಬಿಸಿನೀರು ಬೇಕೆನಿಸುತ್ತದೆಯೋ ತಣ್ಣೀರೋ, ಮಲವಿಸರ್ಜನೆ ಸರಿಯಾಗಿದೆಯೇ, ಮುಟ್ಟಿನ ಸಮಯದಲ್ಲಿ ತಲೆನೋವು ಹೆಚ್ಚುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಉಷ್ಣ, ಶೀತ ಎಂದು ಆಹಾರವನ್ನು ವಿಂಗಡಿಸುವ ಮನೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆಗಳು ಹೊಸವೆನಿಸಲಿಲ್ಲ. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಒಮ್ಮೆ ಹಗುರವಾಗಿ ಒಮ್ಮೆ ಒತ್ತಿ ನಾಡಿ ನೋಡುತ್ತಾರೆ. ಕೊನೆಗೆ ನಾಲಿಗೆ. ನಮ್ಮವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ನಾಲಿಗೆಯ ಬಣ್ಣವನ್ನೂ ಮೇಲಿನ ಬಿಳಿ ಅಥವಾ ಹಳದಿ ಪದರವನ್ನೂ ನೋಡಿ ಅವರು ನಿರ್ಣಯಕ್ಕೆ ಬರುವುದರಿಂದ, ಬೆಳಿಗ್ಗೆ ನಾಲಿಗೆ ಕೆರೆದು, ಫಿಲ್ಟರ್ ಕಾಫಿ ಕುಡಿದು ಹೋದರೆ ಅವರಿಗೆ ಓದಲು ಏನೂ ಉಳಿದಿರುವುದಿಲ್ಲ. ಭೇಟಿಯ ದಿನ ಎರಡನ್ನೂ ಮುಂದಕ್ಕೆ ಹಾಕಿ. ಆದರೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ, ಕೆಲವರಿಗೆ ಸೂಜಿ ಚುಚ್ಚಿದಾಗ ತಲೆ ಸುತ್ತುತ್ತದೆ.

ಸೂಜಿ ಎಂದೊಡನೆ ಇಂಜೆಕ್ಷನ್ ನೆನಪಾಗುವುದು ಸಹಜ. ಇದು ಒಳಗೆ ಟೊಳ್ಳಿಲ್ಲದ, ಸುಮಾರು ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ಎಳೆ. ಒಮ್ಮೆ ಬಳಸಿದ್ದನ್ನು ಎಸೆಯುತ್ತಾರೆ. ವೈದ್ಯೆ ನನ್ನೆದುರೇ ಪೊಟ್ಟಣ ಹರಿದು, ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸಿ, ಅದರ ಬಾಯಿಂದ ಇಣುಕುವ ಸೂಜಿಯ ತಲೆಯನ್ನು ತೋರುಬೆರಳಿನಿಂದ ತಟ್ಟುತ್ತಾರೆ. ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ. ಕೊಳವೆ ತೆಗೆದು ಸೂಜಿಯನ್ನು ಬೆರಳುಗಳ ನಡುವೆ ಹೊರಳಿಸಿದಾಗ ಮಾತ್ರ ಒಳಗಿನಿಂದ ಒಂದು ಭಾರ, ಜೋಮು ಹಿಡಿಯುವಂಥ ಸೆಳೆತ ಹರಡುತ್ತದೆ. ಅದು ಬಂತೇ ಎಂದು ಅವರು ಪ್ರತಿ ಸಲವೂ ಕೇಳಿ, ಬಂತು ಎಂದ ಮೇಲೆಯೇ ಮುಂದಿನ ಜಾಗಕ್ಕೆ ಹೋಗುತ್ತಾರೆ. ನನಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಪಾದದ ಮೇಲೆ ಮೊದಲೆರಡು ಬೆರಳುಗಳ ಸಂದಿನಲ್ಲಿ, ಹಿಂದಲೆಯ ಕೆಳಗಿನ ಎರಡು ಗುಳಿಗಳಲ್ಲಿ ಹಾಕುತ್ತಾರೆ. ಪಾದದ ಬಳಿ ಶಾಖದ ದೀಪ ಇಟ್ಟು, ಪರದೆ ಎಳೆದು ಹೊರಡುತ್ತಾರೆ. ಆ ಅರ್ಧ ಗಂಟೆ ಕೈ ಅಲುಗಾಡಿಸುವಂತಿಲ್ಲ, ಫೋನ್ ಮುಟ್ಟುವಂತಿಲ್ಲ, ಯಾರೂ ಮಾತನಾಡಿಸುವುದಿಲ್ಲ. ಇಡೀ ವಾರದಲ್ಲಿ ನನಗೆ ಸಿಗುವ ಅತ್ಯುತ್ತಮ ವಿಶ್ರಾಂತಿ ಇದೇ.

ಫಲ ಸಿಕ್ಕಿದೆಯೇ ಎಂದರೆ, ಸಿಕ್ಕಿದೆ. ತಲೆನೋವು ನಿಂತಿಲ್ಲ, ವಿರಳವಾಗಿದೆ; ಮಾತ್ರೆಯ ಪಟ್ಟಿ ಮೊದಲಿನಷ್ಟು ಬೇಗ ಮುಗಿಯುವುದಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2012ರಲ್ಲಿ, ಅರೆತಲೆನೋವು ತಡೆಯುವ ಔಷಧಿಗಳು ಹೊಂದದವರಿಗೆ ಐದರಿಂದ ಎಂಟು ವಾರಗಳಲ್ಲಿ ಗರಿಷ್ಠ 10 ಸಲ ಅಕ್ಯುಪಂಕ್ಚರ್ ಪರಿಗಣಿಸಬಹುದೆಂದು ಹೇಳಿತ್ತು. ಹೊಸಬರು ಅಷ್ಟು ಸಲ ನೋಡಿ, ಗುಣ ಕಾಣದಿದ್ದರೆ ನಿಲ್ಲಿಸುವುದು ನ್ಯಾಯವಾದ ಲೆಕ್ಕ. ಶಾಸ್ತ್ರ ಹೇಳಿದ ಬಿಂದುಗಳಲ್ಲೇ ಚುಚ್ಚಿದರೆ ಗುಣವೆಂಬ ವಿವರಣೆಯನ್ನು ಮಾತ್ರ ನಾನು ಪೂರ್ತಿ ಒಪ್ಪಿಲ್ಲ. ಜರ್ಮನಿಯಲ್ಲಿ ಸೊಂಟನೋವಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರ ಪೈಕಿ ಶೇ. 47.6 ಮಂದಿಗೆ, ಬಿಂದುವಲ್ಲದ ಕಡೆ ಆಳಕ್ಕಿಳಿಸದೆ ಚುಚ್ಚಿಸಿಕೊಂಡವರ ಪೈಕಿ ಶೇ. 44.2 ಮಂದಿಗೆ ಗುಣ ಕಂಡಿತು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ ಶೇ. 27.4 ಮಾತ್ರ. ಹಾಗಾಗಿ ಬಿಂದು ಒಂದು ಕೂದಲೆಳೆ ಆಚೀಚೆಯಾಯಿತೆಂದು ಚಿಂತಿಸುವುದಕ್ಕಿಂತ, ಕೈ ಹಗುರವಿರುವ, ಕೇಳಿಸಿಕೊಳ್ಳುವ ತಾಳ್ಮೆಯಿರುವ ವೈದ್ಯರನ್ನು ಹುಡುಕುವುದು ಮೇಲು.

ಇನ್ನು ತಕರಾರಿನ ವಿಷಯ. ಮಂಚದಿಂದಿಳಿದು ಕೌಂಟರಿಗೆ ಬಂದರೆ ಅಲ್ಲಿ ಗಿಡಮೂಲಿಕೆ ಪುಡಿಯ ಪೊಟ್ಟಣಗಳು ನನಗಿಂತ ಮೊದಲೇ ಬಂದು ಕೂತಿರುತ್ತಿದ್ದವು, ಬಿಲ್ಲಿಗೂ ಸೇರಿರುತ್ತಿದ್ದವು. ಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ. ಪೊಟ್ಟಣದ ಮೇಲೆ ಚೀನೀ ಅಕ್ಷರ ಬಿಟ್ಟು ಬೇರೇನೂ ಇರಲಿಲ್ಲ. ನಾನು ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವವಳೆಂದು ಮೊದಲ ದಿನವೇ ಬರೆಸಿದ್ದೆ. ಒಳಗೇನಿದೆ ಎಂದು ಪಟ್ಟು ಹಿಡಿದು ಕೇಳಿದಾಗ ಸಿಕ್ಕ ಪಟ್ಟಿಯಲ್ಲಿ ನಮ್ಮ ಜ್ಯೇಷ್ಠಮಧುವಿನ ದಾಯಾದಿ ಬೇರು ಇತ್ತು. ಚೀನೀ ಕಷಾಯಗಳಲ್ಲಿ ಅದು ಬಹಳ ಸಾಮಾನ್ಯ. ಆದರೆ ಅದರಲ್ಲಿರುವ ಗ್ಲೈಸಿರೈಜಿನ್, ದಿನಗಟ್ಟಲೆ ಸೇವಿಸಿದರೆ, ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸಬಲ್ಲದು. ಇದನ್ನು ನನಗೆ ಹೇಳಬೇಕಾದವರು ಅವರು. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಚಿಕಿತ್ಸಾಲಯವೊಂದರಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಗಳಲ್ಲಿ ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಕೊಂಡು ಹಲವಾರು ಮಹಿಳೆಯರ ಮೂತ್ರಪಿಂಡಗಳೇ ಕೆಟ್ಟುಹೋದವು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಕೊಡುವ ಡಾಂಗ್ ಗುಯ್ ಬೇರಿನಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಇಂಥವರು ಸೂಜಿ ಹಾಕಿಸಿಕೊಳ್ಳುವ ಮೊದಲೂ ಆ ಮಾತ್ರೆಯ ವಿಷಯ ಹೇಳಬೇಕು. ಗರ್ಭಿಣಿಯರೂ ಮೊದಲೇ ತಿಳಿಸಬೇಕು, ಹೆಬ್ಬೆರಳಿನ ಬಳಿಯ ಆ ಬಿಂದುವನ್ನು ಅವರಿಗೆ ಸಾಂಪ್ರದಾಯಿಕವಾಗಿಯೇ ವರ್ಜ್ಯವೆಂದಿದ್ದಾರೆ. ಭುಜ ಅಥವಾ ಎದೆಯ ಭಾಗದಲ್ಲಿ ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದಂತಾದರೆ ನೇರ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶಕ್ಕೆ ಸೂಜಿ ತಾಗುವುದು ತೀರ ಅಪರೂಪ, ಆದರೆ ಅಸಾಧ್ಯವಲ್ಲ.

ನನಗೆ ಒಂದು ಭೇಟಿಗೆ ಸುಮಾರು 50 ಸಿಂಗಪುರ ಡಾಲರ್ ಬೀಳುತ್ತದೆ, ಕಚೇರಿಯ ವಿಮೆಗೆ ಇದು ಸೇರುವುದಿಲ್ಲ. ಪುಡಿ ಸೇರಿದ್ದಾಗ ಬಿಲ್ಲು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಿತ್ತು, ಆ ದರದಲ್ಲಾದರೆ ನಾನು ಮುಂದುವರಿಸುತ್ತಿರಲಿಲ್ಲ. ಈಗ ಒಳಗೆ ಹೋಗುವಾಗಲೇ ಸೂಜಿ ಮಾತ್ರ ಸಾಕು ಎಂದು ಹೇಳುತ್ತೇನೆ. ವೈದ್ಯೆ ಬೇಸರಿಸಿಕೊಂಡಿಲ್ಲ, ಕೌಂಟರಿನವರು ಇನ್ನೂ ಒಮ್ಮೊಮ್ಮೆ ಪೊಟ್ಟಣ ಮುಂದಿಡುತ್ತಾರೆ, ನಾನು ಹಿಂದಕ್ಕೆ ಕೊಡುತ್ತೇನೆ.