ಕೆಜಿಗೆ 750ರ ಕಲ್ಲು, 480ರ ಕಲ್ಲು, ತೋಟದಲ್ಲೇ ಮಾಡಿದ ಕಲ್ಲು

"ಕಲ್ಲಿಗೆ ದುಡ್ಡು ಕೊಟ್ಟು ಬೆಂಗಳೂರಿಂದ ತರಿಸಿದ್ಯಾ ಮಾರಾಯ?" ಥರ್ಮಾಕೋಲ್ ಡಬ್ಬಿ ಬಿಚ್ಚಿದ ದಿನ ಪಕ್ಕದ ಮನೆ ಮಾವ ಕೇಳಿದ್ದು ಇದನ್ನೇ. ಅವರದ್ದು ತಪ್ಪೇನಿಲ್ಲ. ನಮ್ಮ ಕಡೆ ಕಲ್ಲು ಅಂದರೆ ತೋಟದ ಬೇಲಿ ಬದಿಯಲ್ಲಿ ಸುಮ್ನೆ ಬಿದ್ದಿರುವ ವಸ್ತು. ಮನೆಯಲ್ಲಿ ಉಪ್ಪು ನೀರಿನ ಗಾಜಿನ ಟ್ಯಾಂಕಿಟ್ಟು ಮೀನು, ಹವಳ ಸಾಕುವ ಹವ್ಯಾಸ ನನ್ನದು, ಅದರೊಳಗೆ ಹಾಕುವ ಕಲ್ಲಿಗೆ 11,250 ರೂಪಾಯಿ ಕೊಟ್ಟಿದ್ದೆ. ಮೊತ್ತ ಹೇಳಲಿಲ್ಲ. "ಸ್ವಲ್ಪ ಆಯ್ತು" ಅಂದೆ.

ಅದು 2019. ಆಮೇಲೆ ಇನ್ನೆರಡು ಸಲ ಬೇರೆ ಬೇರೆ ಕಲ್ಲು ಹಾಕಿ ನೋಡಿದ್ದೇನೆ. ಮೂರೂ ಸಲ ಟ್ಯಾಂಕು ಹೆಚ್ಚುಕಮ್ಮಿ ಒಂದೇ ಅಳತೆ: ಮೂರಡಿ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ, ಕಲ್ಲು ಮರಳಿನ ಜಾಗ ಕಳೆದರೆ 150 ಲೀಟರ್ ನೀರು. ಖರ್ಚನ್ನೆಲ್ಲ ಅಪ್ಪಯ್ಯನ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಅಂಗಡಿಯವರು ಕೆಜಿ ರೇಟು ಹೇಳುತ್ತಾರೆ, ನಾವೂ ಅದನ್ನೇ ಕೇಳುತ್ತೇವೆ. ಆದರೆ ಮೊದಲ ಹವಳ ಬದುಕಿ ನಿಲ್ಲುವವರೆಗೆ ಕೈಬಿಟ್ಟು ಹೋದ ದುಡ್ಡು ಎಷ್ಟೋ ಅದೇ ಕಲ್ಲಿನ ನಿಜವಾದ ಬೆಲೆ. ಹಾಗೆ ಲೆಕ್ಕ ಹಾಕಿದಾಗ ನನಗೆ ಸಿಕ್ಕ ಉತ್ತರ ನಾನು ಅಂದುಕೊಂಡದ್ದಕ್ಕಿಂತ ಬೇರೆಯೇ ಇತ್ತು.

ಹೊಸಬರಿಗೆ ಒಂದು ಮಾತು. ಲೈವ್ ರಾಕ್ ಅಂದರೆ ಜೀವ ಇರುವ ಕಲ್ಲಲ್ಲ, ಜೀವಿಗಳು ಮನೆ ಮಾಡಿಕೊಂಡಿರುವ ಕಲ್ಲು. ಹಳೇ ಹವಳದ ಅಸ್ಥಿಪಂಜರ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಳಗೆಲ್ಲ ಸಣ್ಣ ಸಣ್ಣ ತೂತು. ಮೇಲ್ಮೈಯ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ಮುಟ್ಟದ ಒಳಭಾಗದಲ್ಲಿರುವವು ಆ ನೈಟ್ರೇಟನ್ನೂ ಸಾರಜನಕದ ಗಾಳಿ ಮಾಡಿ ಹೊರಗೆ ಬಿಡುತ್ತವೆ. ಫಿಲ್ಟರ್ ಅಂದರೆ ಇದೇ. ಹಾಗಾಗಿ ಕಲ್ಲಿನಲ್ಲಿ ಉಳಿಸಲು ಹೋದವರು ಬೇರೆ ಎಲ್ಲೋ ಖರ್ಚು ಮಾಡುತ್ತಾರೆ. ನಾನೂ ಮಾಡಿದೆ.

ಮೊದಲನೆಯದು ಒದ್ದೆ ಲೈವ್ ರಾಕ್. 15 ಕೆಜಿ, ಕೆಜಿಗೆ 750. ಒದ್ದೆ ಪೇಪರಿನಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿಸಿದರು, ಸಾಗಣೆ 600. ಬೆಳಿಗ್ಗೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿ ಇಳಿಸಿಕೊಂಡಾಗಲೇ ಒಣಮೀನಿನ ಸಂತೆ ವಾಸನೆ. ಮನೆಗೆ ತಂದು ನೀರು ಸೋರಲು ಬಿಟ್ಟು ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ 13 ಕೆಜಿ ಚಿಲ್ಲರೆ! ಉಳಿದದ್ದು ನೀರು ಮತ್ತು ಪೇಪರು, ಅದಕ್ಕೂ 750ರ ರೇಟೇ. ಅಂಗಡಿಯವರಿಗೆ ಫೋನ್ ಮಾಡಿದೆ, "ಒದ್ದೆ ಮಾಲು ಸರ್, ಹಾಗೇ ಬರೋದು" ಅಂದರು. ಅದೂ ಸರಿಯೇ ಅನ್ನಿ.

ದಾರಿಯಲ್ಲಿ ಸತ್ತ ಹುಳ, ಸ್ಪಂಜುಗಳೆಲ್ಲ ಕೊಳೆಯಲೇಬೇಕು. ಅದನ್ನು ಕೊಳೆಸಿ ಮುಗಿಸುವುದೇ ಕ್ಯೂರಿಂಗ್. 60 ಲೀಟರ್ ಡ್ರಮ್ಮಿನಲ್ಲಿ ಪಂಪು, ಹೀಟರು ಹಾಕಿ ಕತ್ತಲಲ್ಲಿಟ್ಟು ನಾಲ್ಕು ಸಲ ಪೂರ್ತಿ ನೀರು ಬದಲಿಸಿದೆ. 240 ಲೀಟರ್, ಲೀಟರಿಗೆ 35 ಗ್ರಾಂ, ಅಂದರೆ ಎಂಟೂವರೆ ಕೆಜಿ ಉಪ್ಪು. ಇದು ಅಡುಗೆ ಉಪ್ಪಲ್ಲ, ಸಮುದ್ರದಂಥ ನೀರು ಮಾಡುವ ರೀಫ್ ಸಾಲ್ಟು, ನನಗೆ ಕೆಜಿಗೆ 280 ಬಿದ್ದಿತ್ತು. ಹತ್ತಿರ ಹತ್ತಿರ 2,350 ರೂಪಾಯಿ ಬಚ್ಚಲಿಗೆ ಹೋಯಿತು. ಮನೆಯವರ ಬಾಯಿಂದ ಕೇಳಿದ್ದನ್ನು ಪುಸ್ತಕದಲ್ಲಿ ಬರೆದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಏಳನೇ ವಾರಕ್ಕೆ ಹಾಕಿದ ಹವಳ ಹಾಗೇ ಅರಳಿ ನಿಂತಿತು. ಕಲ್ಲಿನ ಮೇಲೆ ನೇರಳೆ ಬಣ್ಣದ ಕೊರಲೈನ್ ಪಾಚಿ. ರಾತ್ರಿ ಕೆಂಪು ಟಾರ್ಚು ಹಿಡಿದು ಕೂತರೆ ಒಂದೊಂದು ತೂತಿನಿಂದ ಒಂದೊಂದು ಜೀವಿ ಹೊರಗೆ ಬರುತ್ತಿತ್ತು. ಮಳೆಗಾಲದ ರಾತ್ರಿ ಹೊರಗೆ ಧೋ ಅಂತ ಸುರಿಯುವಾಗ ಟೀವಿ ಬಿಟ್ಟು ಇದನ್ನೇ ನೋಡುತ್ತಿದ್ದೆವು.

ಬೇಡದವರೂ ಜೊತೆಗೇ ಬಂದಿದ್ದರು. ರಾತ್ರಿ ಟಕ್ ಟಕ್ ಸದ್ದು. ಗಾಜು ಬಿರುಕು ಬಿಡುತ್ತಿದೆ ಅಂತ ಎದೆ ಧಸಕ್ಕೆಂದಿತ್ತು. ನೋಡಿದರೆ ಮ್ಯಾಂಟಿಸ್ ಸೀಗಡಿ, ಎರಡು ಬಸವನಹುಳ ತಿಂದು ಮುಗಿಸಿತ್ತು. ಬಾಟಲಿ ಬೋನಿಗೆ ಬೀಳಿಸಲು ಹತ್ತು ದಿನ ಬೇಕಾಯಿತು. ಅದಕ್ಕಿಂತ ದೊಡ್ಡ ಪೀಡೆ ಏಪ್ಟೇಸಿಯಾ ಅನ್ನುವ ಸಮುದ್ರ ಜೀವಿ. ಕಂದು ಬಣ್ಣದ ಪುಟ್ಟ ಹೂವಿನ ಹಾಗೆ ಕಾಣುತ್ತದೆ, ಕಿತ್ತರೆ ಒಂದು ಚೂರು ಉಳಿದರೂ ಸಾಕು, ಮತ್ತೆ ಬೆಳೆಯುತ್ತದೆ, ಪಕ್ಕದ ಹವಳವನ್ನು ಚುಚ್ಚುತ್ತದೆ. ಅದನ್ನು ತಿನ್ನುತ್ತವೆ ಅಂತ ಮೂರು ಪೆಪ್ಪರ್‌ಮಿಂಟ್ ಸೀಗಡಿ ತರಿಸಿ 1,500 ಕೊಟ್ಟೆ. ಒಂದು ಸೀಗಡಿ ತಿಂದಿತು, ಇನ್ನೆರಡು ಮೀನಿನ ಆಹಾರಕ್ಕೇ ಕಾಯುತ್ತಿದ್ದವು. ಕೊನೆಗೆ ಕೆಲಸಕ್ಕೆ ಬಂದದ್ದು ಸುಣ್ಣ. ಬೇರೇನೂ ಬೆರೆಸದ ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಲ್ಲಿ ಅದರ ಬಾಯಿಗೇ ಬಿಡಬೇಕು. ಒಂದು ಸಲಕ್ಕೆ ಮೂರ್ನಾಲ್ಕಕ್ಕಿಂತ ಜಾಸ್ತಿ ಬೇಡ, ನೀರಿನ ಪಿಎಚ್ ಏರಿಬಿಡುತ್ತದೆ.

ಎಲ್ಲ ಸೇರಿ 15,700.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಈ ಕಲ್ಲು ಯಾವ ಸಮುದ್ರದ್ದು ಅಂತ ಕೇಳಿದರೆ "ಇಂಪೋರ್ಟ್ ಸರ್" ಅನ್ನುವ ಉತ್ತರ ಬಿಟ್ಟು ಒಂದು ಚೀಟಿಯೂ ಸಿಗಲಿಲ್ಲ. ದಂಡೆ ಕಟ್ಟುವ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯೇ ಅದು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋಗುವ ಗೆಳೆಯನೊಬ್ಬ "ಒಂದು ಕಲ್ಲು ಎತ್ತಿಕೊಂಡು ಬರ್ಲಾ?" ಅಂದಿದ್ದ. ಬೇಡಪ್ಪ. ಕಾಗದ ಇಲ್ಲದ ಒದ್ದೆ ಕಲ್ಲನ್ನು ನಾನಂತೂ ಇನ್ನು ಕೊಳ್ಳುವುದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1990ರ ದಶಕದಲ್ಲೇ ಸಮುದ್ರದಿಂದ ಕಲ್ಲು ಕೀಳುವುದನ್ನು ನಿಲ್ಲಿಸಿದರು. ಅಲ್ಲೀಗ ಗಣಿಯ ಸುಣ್ಣಕಲ್ಲನ್ನು ಸಮುದ್ರಕ್ಕೆ ಇಳಿಸಿ, ವರ್ಷಗಟ್ಟಲೆ ಬಿಟ್ಟು, ಜೀವ ಹತ್ತಿದ ಮೇಲೆ ಎತ್ತಿ ಮಾರುತ್ತಾರೆ.

2021ರ ಜುಲೈನಲ್ಲಿ ಆ ಟ್ಯಾಂಕಿನ ಸಿಲಿಕೋನ್ ಬಿಟ್ಟು ನೀರು ಸೋರತೊಡಗಿತು. ಬೇಸರದಲ್ಲಿ ಕಲ್ಲನ್ನೆಲ್ಲ ಮಂಗಳೂರಿನ ಹುಡುಗನೊಬ್ಬನಿಗೆ ಕೆಜಿಗೆ 200ರಂತೆ ಕೊಟ್ಟುಬಿಟ್ಟೆ. ಎರಡು ವರ್ಷ ಪಳಗಿದ ಕಲ್ಲು! ಈ ಹವ್ಯಾಸದಲ್ಲಿ ನಾನು ಮಾಡಿದ ಅತಿ ದಡ್ಡ ವ್ಯಾಪಾರ ಅದು.

ಎರಡನೆಯದು ಡ್ರೈ ರಾಕ್, ಅಂದರೆ ಜೀವಿಗಳಿಲ್ಲದ ಒಣ ಕಲ್ಲು. ಪೀಡೆ ಬೇಡವೇ ಬೇಡ ಅಂತ ಆರಿಸಿದ್ದು. ಕೆಜಿಗೆ 480, 12 ಕೆಜಿ, 5,760. ಇಲ್ಲೊಂದು ಲಾಭ ಇದೆ: ಒಣಗಿದ್ದು, ಹಗುರ, ಹಾಗಾಗಿ 12 ಕೆಜಿಯೇ ಹಿಂದಿನ 15 ಕೆಜಿಯಷ್ಟು ಜಾಗ ತುಂಬಿತು. ಕೊರಿಯರ್ 540, ಬಾಟಲಿ ಬ್ಯಾಕ್ಟೀರಿಯಾ 1,900. ಆರು ವಾರಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಗೆದ್ದೆ ಅಂದುಕೊಂಡೆ.

ಆಮೇಲೆ ಶುರುವಾಯಿತು. ಮೊದಲು ಕಂದು ಪುಡಿ, ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ, ತಾನಾಗಿಯೇ ಹೋಗುತ್ತದೆ. ಬಳಿಕ ಹಸಿರು ಕೂದಲು ಪಾಚಿ, ಥೇಟ್ ಆಗುಂಬೆ ಕಾಂಪೌಂಡ್ ಗೋಡೆ. ಬರಿಗಲ್ಲಿನ ಮೇಲೆ ಜಾಗ ಖಾಲಿ ಇದ್ದರೆ ಮೊದಲು ಬಂದವರದ್ದೇ ರಾಜ್ಯ ಅಲ್ವಾ? ಸಾಲದ್ದಕ್ಕೆ ಕಲ್ಲು ಒಳಗಿಂದ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಬಿಡುತ್ತಿತ್ತು. ಅದನ್ನು ಹೀರುವ ಪುಡಿಗೆ 1,600. ವಾರಕ್ಕೆ 15 ಲೀಟರ್ ಬದಲಿಸುವ ಕಡೆ 30 ಬದಲಿಸಿದೆ, ಇಪ್ಪತ್ತು ವಾರ, ಹೆಚ್ಚುವರಿ ಉಪ್ಪೇ ಹತ್ತೂವರೆ ಕೆಜಿ, 2,940. ಅವಸರಪಟ್ಟು ಹಾಕಿದ ಎರಡು ಹವಳದ ತುಂಡು ಸತ್ತವು, 2,400. ಒಟ್ಟು 15,140. ಒದ್ದೆ ಕಲ್ಲಿಗೂ ಇದಕ್ಕೂ ವ್ಯತ್ಯಾಸ ಬರೀ 560 ರೂಪಾಯಿ! ಕಾದದ್ದು ಒಂಬತ್ತು ತಿಂಗಳು.

ನಡುವೆ ಜಂಬಿಟ್ಟಿಗೆ ಕಲ್ಲಿನ ಕಥೆ. "ನಮ್ಮ ಜಂಬಿಟ್ಟಿಗೇಲಿ ಇನ್ನೂ ಜಾಸ್ತಿ ತೂತು ಇದೆ ಮಾರಾಯ, ಅದನ್ನೇ ಹಾಕು" ಅಂದರು ಮಾವ. ತೂತು ಇರುವುದು ನಿಜ, ನೋಡಲೂ ಚೆಂದ. ಆದರೆ ಅದರಲ್ಲಿರುವುದು ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣದ ಅಂಶ ಅಲ್ಲ. ನಾನು ಬಕೆಟ್ ಉಪ್ಪು ನೀರಿನಲ್ಲಿ ಒಂದು ತುಂಡು ಇಟ್ಟು ನೋಡಿದೆ, ನಾಲ್ಕೇ ದಿನಕ್ಕೆ ತಳದಲ್ಲಿ ಕೆಂಪು ರಾಡಿ. ಅಲ್ಲಿಗೆ ಬಿಟ್ಟೆ.

ಮೂರನೆಯದು ಕಳೆದ ಚಳಿಗಾಲದ್ದು. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ತಮ್ಮನಿಗೂ ಒಂದು ಟ್ಯಾಂಕು ಬೇಕಂತೆ, ದುಡ್ಡು ಮಾತ್ರ ಬೇಡವಂತೆ. ನಾವೇ ಕಲ್ಲು ಮಾಡಿದೆವು. ಒಂದು ಪಾಲು ಬಿಳಿ ಸಿಮೆಂಟು, ಮೂರು ಪಾಲು ಕೋಳಿ ಆಹಾರಕ್ಕೆ ಹಾಕುವ ಚಿಪ್ಪಿನ ನುಚ್ಚು, ಒಂದು ಪಾಲು ಕಲ್ಲುಪ್ಪು. ಒದ್ದೆ ಮರಳಿನಲ್ಲಿ ಗುಂಡಿ ತೋಡಿ, ಕಲಸಿದ್ದನ್ನು ಹಾಕಿ, ಬೆರಳಲ್ಲಿ ತೂತು ಮಾಡುವುದು. ಗ್ಲೌಸ್ ಬೇಕು, ನನ್ನ ಬೆರಳ ತುದಿ ವಾರವಿಡೀ ಸುಲಿದಿತ್ತು. ಉಪ್ಪು ಕರಗಿ ಹೋದ ಕಡೆ ಸಣ್ಣ ತೂತು ಉಳಿಯುತ್ತದೆ. ಸಾಮಾನಿಗೆ 600, ಕಲ್ಲು 16 ಕೆಜಿ.

ಹೊಸ ಸಿಮೆಂಟಿನಿಂದ ಸುಣ್ಣ ಬಿಟ್ಟು ಪಿಎಚ್ 12ರ ಹತ್ತಿರ ಹೋಗುತ್ತದೆ, ಅದರಲ್ಲಿ ಯಾವ ಜೀವಿಯೂ ಉಳಿಯದು. ಇದು ನಮ್ಮವರಿಗೆ ಹೊಸದೇನಲ್ಲ, ಹೊಸ ಸಿಮೆಂಟ್ ತೊಟ್ಟಿಗೆ ಬಾಳೆದಿಂಡು ಹಾಕಿ ಕೊಳೆಸಿ, ತೊಳೆದು ಆಮೇಲೆ ತಾನೇ ಮೀನು ಬಿಡುವುದು? ಪೇಟೆಯಲ್ಲಿ ಇದಕ್ಕಾಗಿ ದಿನಾ ನೀರು ಬದಲಿಸಬೇಕು. ನಮ್ಮಲ್ಲಿ ಗುಡ್ಡದಿಂದ ಅಬ್ಬಿ ನೀರು ಹಗಲೂ ರಾತ್ರಿ ಬೀಳುತ್ತದೆ. ಅದು ಬೀಳುವ ತೊಟ್ಟಿಯಲ್ಲಿ ಕಲ್ಲಿಟ್ಟು ಹತ್ತು ವಾರ ಮರೆತೆವು. ಸುಣ್ಣದ ನೀರು ತೋಟಕ್ಕೆ ಹೋಯಿತು, ಅಪ್ಪಯ್ಯ ಹೇಗೂ ಅಡಿಕೆ ಬುಡಕ್ಕೆ ಸುಣ್ಣ ಹಾಕುವವರು, ಬೈಯಲಿಲ್ಲ. ಬಕೆಟ್ಟಿನಲ್ಲಿ ಎರಡು ದಿನ ಇಟ್ಟು ನೋಡಿದಾಗ ಪಿಎಚ್ 8.4ಕ್ಕೆ ನಿಂತಿತ್ತು.

ಈಗ ಜೀವ ತುಂಬಬೇಕು. ಮಂಗಳೂರಿನ ಅದೇ ಹುಡುಗನಿಗೆ ಫೋನ್ ಮಾಡಿದೆ. ನನ್ನದೇ ಕಲ್ಲು ಎರಡು ಕೆಜಿ, ಅದೇ 200ರ ರೇಟಿಗೆ ವಾಪಸ್ ಕೊಟ್ಟ, ಪುಣ್ಯಾತ್ಮ. ಕಲ್ಲಿಗೆ 400, ಆಗುಂಬೆ ಘಾಟಿ ಇಳಿದು ಹತ್ತಿದ ಬಸ್ಸಿಗೆ 700. ಉಪ್ಪು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಯೇ ತಂದಿದ್ದರಿಂದ ಏನೂ ಸಾಯಲಿಲ್ಲ, ವಾಸನೆಯೂ ಇಲ್ಲ. ಐದು ವಾರಕ್ಕೆ ಅಮೋನಿಯಾ ಸೊನ್ನೆ. ಪಾಚಿ ಬಂತು, ಆದರೆ ಮೂರು ತಿಂಗಳಿಗೆ ಸೋತಿತು. ಹೆಚ್ಚುವರಿ ಉಪ್ಪು 5 ಕೆಜಿ, 1,400. ಒಟ್ಟು 3,100.

ಕೊರತೆ ಇಲ್ಲ ಅಂತಲ್ಲ. ಸಿಮೆಂಟು ಕಲ್ಲು ಭಾರ, ಒಳಗೆ ತೂತು ಕಮ್ಮಿ, 16 ಕೆಜಿ ಹಾಕಿದರೂ ಟ್ಯಾಂಕು ಅರೆಖಾಲಿ ಕಾಣುತ್ತದೆ. ನನ್ನ ಒದ್ದೆ ಕಲ್ಲಿನ ಟ್ಯಾಂಕಿನಲ್ಲಿ ನೈಟ್ರೇಟ್ 5 ಪಿಪಿಎಂ ದಾಟುತ್ತಿರಲಿಲ್ಲ, ತಮ್ಮನದ್ದು 20ರ ಆಸುಪಾಸು. ಮೆತ್ತನೆ ಹವಳಕ್ಕೆ ಅಷ್ಟು ಪರವಾಗಿಲ್ಲ, ಗಟ್ಟಿ ಹವಳ ಇಡುವವರು ಯೋಚಿಸಬೇಕು. ಕಲ್ಲುಗಳ ಆಕಾರವೂ ಅಷ್ಟಕ್ಕಷ್ಟೇ, ಒಂದಂತೂ ಅಕ್ಕಿ ಮುಡಿಯ ಹಾಗಿದೆ.

ನೀರಿನ ಖರ್ಚು ಮೂರರಲ್ಲೂ ಬರೆದಿಲ್ಲ, ಯಾಕೆಂದರೆ ನಮಗೆ ಅದು ಬೀಳುವುದೇ ಇಲ್ಲ. ಮಳೆ ಹಿಡಿದ ಹದಿನೈದು ದಿನದ ಮೇಲೆ ಸೂರಿನ ನೀರಿಗೆ ನನ್ನ ಟಿಡಿಎಸ್ ಮೀಟರು (ನೀರಿನಲ್ಲಿ ಕರಗಿದ ಲವಣ ಅಳೆಯುವುದು) 10ರ ಒಳಗೇ ತೋರಿಸುತ್ತದೆ, ಡ್ರಮ್ಮುಗಟ್ಟಲೆ ಹಿಡಿದಿಡುತ್ತೇನೆ. ಬಯಲುಸೀಮೆಯವರು ಆರ್‌ಓ ಖರ್ಚು ಸೇರಿಸಿಕೊಂಡು ಓದಬೇಕು.

ಯಾವುದು ತಗೊಳ್ಳಲಿ ಅಂತ ಕೇಳಿದವರಿಗೆ ನಾನು ಹೇಳುವುದು: ಮೊದಲು ಟ್ಯಾಂಕು ಮುಚ್ಚುತ್ತಿರುವವರನ್ನು ಹುಡುಕಿ. ಪಳಗಿದ ಕಲ್ಲು ಪೂರ್ತಿ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಸಿಗದಿದ್ದರೆ ಡ್ರೈ ರಾಕ್ ಜೊತೆ ಎರಡು ಕೆಜಿ ಪಳಗಿದ್ದು, ಆಗ ಬಾಟಲಿ ಬ್ಯಾಕ್ಟೀರಿಯಾಕ್ಕೆ ಕೊಡುವ ದುಡ್ಡು ಉಳಿಯುತ್ತದೆ. ಸಿಮೆಂಟು ಕಲ್ಲು ಹರಿಯುವ ನೀರು, ತಾಳ್ಮೆ ಎರಡೂ ಇದ್ದವರಿಗೆ ಮಾತ್ರ. ಒದ್ದೆ ಹೊಸ ಕಲ್ಲಿನ ರಾತ್ರಿಗಳು ಈಗಲೂ ನೆನಪಾಗುತ್ತವೆ, ಅದು ಬೇರೆ ವಿಷಯ.

ಮೊನ್ನೆ ಭಾನುವಾರ ತಮ್ಮ ಫೋಟೋ ಕಳಿಸಿದ್ದ. ಅಕ್ಕಿ ಮುಡಿ ಕಲ್ಲಿನ ಬುಡದಲ್ಲಿ ಕಂದು ಬಣ್ಣದ ಪುಟ್ಟ ಹೂವು. "ಅಣ್ಣ, ತಾನಾಗೇ ಬಂತು, ಚೆಂದ ಇದೆ ಅಲ್ವಾ?" ಅಂತ ಬರೆದಿದ್ದ. ಸಿರಿಂಜು ಹುಡುಕುತ್ತಿದ್ದೇನೆ.