ಪ್ಲಾಟ್ ಮಾರೋರೇ, ನಿಮ್ಮ ಫೇಸ್‌ಬುಕ್ ಪೇಜಿನ ಕೀಲಿ ಯಾರ ಹತ್ತಿರ ಇದೆ?

ಕೊಪ್ಪಳದಲ್ಲಿ ಪ್ಲಾಟ್, ಮನೆ ಕೊಡಿಸುವ ಕೆಲಸ ಹಿಡಿದು 11 ವರ್ಷವಾಯಿತು. ಮಾರ್ಕೆಟಿಂಗ್ ಎಲ್ಲಾ ನಾನೇ ನೋಡ್ಕೋತೀನಿ ಅಂತ ಯಾರಾದರೂ ನಿಮ್ಮ ಆಫೀಸಿಗೆ ಬಂದರೆ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ಮೊದಲ ತಪ್ಪು ನನ್ನದೇ. ನಾನು ಪ್ರಚಾರ ಮಾಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಗವಿಮಠದ ಜಾತ್ರೆಗೊಮ್ಮೆ, ಯುಗಾದಿಗೊಮ್ಮೆ. ಆಗ ಕರಪತ್ರವೇನು, ಸ್ಟೇಟಸ್ ಏನು, ದಿನಕ್ಕೆ 40 ಫೋನ್ ಏನು! ಒಂದೆರಡು ರಿಜಿಸ್ಟ್ರೇಶನ್ ಆಯ್ತು ಅಂದರೆ ಮುಗೀತು, ಮೂರು ತಿಂಗಳು ಸುಮ್ನೆ ಕೂತುಬಿಡುತ್ತಿದ್ದೆ. ಕೈ ಖಾಲಿಯಾದಾಗ ಮತ್ತೆ ಗಾಬರಿ. ಅಂಥ ಒಂದು ಗಾಬರಿಯಲ್ಲೇ ಮಾರ್ಕೆಟಿಂಗ್ ಮಾಡಿಕೊಡುವ ಒಬ್ಬ ಸಿಕ್ಕಿದ.

ತಿಂಗಳಿಗೆ 15 ಸಾವಿರ. "ನೀವು ಆರಾಮ್ ಇರ್ರಿ ಸರ್, ತಿಂಗಳಿಗೆ 300 ಲೀಡ್ ಗ್ಯಾರಂಟಿ" ಅಂದ. ಲೀಡ್ ಅಂದರೆ ಪ್ಲಾಟ್ ಬೇಕು ಅನ್ನುವವರ ಹೆಸರು, ನಂಬರ್. ಬಂದವು, ಸುಳ್ಳು ಹೇಳಬಾರದು. ಮಾರುದ್ದದ ಪಟ್ಟಿ. ಫೋನ್ ಮಾಡಿದರೆ ಒಬ್ಬರು ಮಂಗಳೂರಿನವರು, "ಕೊಪ್ಪಳ ಎಲ್ಲಿ ಬರ್ತದೆ ಮಾರಾಯ್ರೇ?" ಅಂದರು. ಇನ್ನೊಬ್ಬ ಹುಡುಗ ತಾನು ಯಾವ ಫಾರ್ಮೂ ತುಂಬಿಲ್ಲ ಅಂತ ಆಣೆ ಮಾಡಿದ. ಅವನದೂ ಸುಳ್ಳಲ್ಲ. ಫೇಸ್‌ಬುಕ್ ಲೀಡ್ ಫಾರ್ಮಿನಲ್ಲಿ ಹೆಸರು, ನಂಬರ್ ಮೊದಲೇ ತುಂಬಿಕೊಂಡು ಬರುತ್ತವೆ. ಸುಮ್ನೆ ನೋಡುತ್ತಾ ಕೂತವರ ಹೆಬ್ಬೆರಳು ಒಂದೆರಡು ಸಲ ತಾಗಿದರೆ ಸಾಕು, ಅವರು ನನ್ನ ಪಾರ್ಟಿ, ಅಂದರೆ ಗಿರಾಕಿ! ಜಾಹೀರಾತು ಯಾವ ಊರಿನವರಿಗೆ ಕಾಣಬೇಕು ಅಂತ ಆರಿಸುವ ಕಡೆ ಆ ಪುಣ್ಯಾತ್ಮ ಇಡೀ ಕರ್ನಾಟಕ ಇಟ್ಟಿದ್ದ. ಪಟ್ಟಿ ಉದ್ದ ಆಗಬೇಕು ಅಲ್ವಾ.

ಭಾಗ್ಯನಗರದ ಕಡೆಯ ಒಂದು ಲೇಔಟಿನ ಪೋಸ್ಟರಿನಲ್ಲಿ ರೇರಾ ನಂಬರನ್ನೇ (ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ ಲೇಔಟ್ ನೋಂದಣಿಯಾದಾಗ ಸಿಗುವ ನಂಬರ್) ಬಿಟ್ಟಿದ್ದ. "ಡಿಸೈನಿಗೆ ಜಾಗ ಸಾಲಲಿಲ್ಲ ಸರ್" ಅಂದ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ನೋಂದಣಿ ಮಾಡಿಸದೆ ಪ್ರಚಾರ ಮಾಡುವಂತಿಲ್ಲ, ಜಾಹೀರಾತಿನಲ್ಲಿ ಆ ನಂಬರ್ ಇರಲೇಬೇಕು. ಬೆಳಿಗ್ಗೆ ಏಳಕ್ಕೆ ಲೇಔಟ್ ಮಾಲೀಕರು ಫೋನ್ ಮಾಡಿ ಬೈದದ್ದು ನನಗೆ. ಪೋಸ್ಟರ್ ಮೇಲೆ ಇದ್ದದ್ದು ನನ್ನ ಮುಖ ತಾನೇ.

ಐದನೇ ತಿಂಗಳಿಗೆ ಸಾಕು ಅಂದೆ. ಮರುದಿನ ಪೇಜ್ ತೆರೆದರೆ ನೋಡಲು ಬರುತ್ತೆ, ಏನೂ ಹಾಕಲು ಬರಲ್ಲ. ಪೇಜ್ ಮಾಡಿದ್ದು ಅವನ ಅಕೌಂಟಿನಿಂದ. ಜಾಹೀರಾತಿನಲ್ಲಿದ್ದ ಫೋನ್ ನಂಬರೂ ಅವನ ಸಿಮ್ಮೇ. ಫೇಸ್‌ಬುಕ್‌ನಲ್ಲಿ ಲೀಡುಗಳು 90 ದಿನ ಮಾತ್ರ ಸಿಗುತ್ತವೆ. ಜಗಳಾಡಿ ಪೇಜ್ ವಾಪಸ್ ಪಡೆಯುವಷ್ಟರಲ್ಲಿ ಆ ದಿನಗಳೂ ಮುಗಿದಿದ್ದವು. ನಂಬರ್ ಅಂತೂ ಬರಲೇ ಇಲ್ಲ.

ಇದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಕುಷ್ಟಗಿ ಕಡೆಯ ಮೇಷ್ಟ್ರೊಬ್ಬರಿಗೆ ಹಿಂದೆ 30×40 ಅಡಿಯ ಒಂದು ಪ್ಲಾಟ್ ಕೊಡಿಸಿದ್ದೆ. ಅವರ ತಮ್ಮ ಮೊನ್ನೆ ಬೇರೆ ಏಜೆಂಟರ ಹತ್ತಿರ ಪ್ಲಾಟ್ ಕೊಂಡ. ಗಂಜ್ ಸರ್ಕಲ್ಲಿನಲ್ಲಿ ಮೇಷ್ಟ್ರು ಸಿಕ್ಕಾಗ ಕೇಳಿಯೇಬಿಟ್ಟೆ. "ನಿಮ್ ಫೋನೂ ಇಲ್ಲ, ಸುದ್ದೀನೂ ಇಲ್ಲ. ದಂಧೆ ಬಿಟ್ಟೀರಿ ಅಂತ ತಿಳ್ಕೊಂಡ್ವಿ ಬಿಡ್ರಿ" ಅಂದರು. ಮಿರ್ಚಿಯ ತಟ್ಟೆ ನನ್ನ ಕಡೆ ಸರಿಸಿದರು. ಗಂಟಲಲ್ಲಿ ಇಳಿಯಲಿಲ್ಲ.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೆಲಸ ಇರಲಿ ಬಿಡಲಿ, ದಿನಾ ಬೆಳಿಗ್ಗೆ ಐದು ಜನ ಹಳೆಯ ಪಾರ್ಟಿಗಳಿಗೆ ಫೋನ್. ಇ-ಖಾತಾ ಆಯ್ತಾ, ಸರ್ಕಾರದ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ರಾ, ಅಷ್ಟೇ ಮಾತು. ವಾರಕ್ಕೊಂದು ಸಲ ಲೇಔಟಿಗೆ ಹೋಗಿ ನಾನೇ ವಿಡಿಯೋ ಮಾಡುತ್ತೇನೆ. ರಸ್ತೆ ಎಷ್ಟು ಅಗಲ, ನೀರಿನ ಪೈಪ್ ಎಲ್ಲಿಯವರೆಗೆ ಬಂದಿದೆ ಅಂತ ತೋರಿಸುತ್ತೇನೆ. ಕೈ ನಡುಗುತ್ತೆ, ಗಾಳಿ ಸದ್ದು ಬೇರೆ. ಆದರೂ ಜನ ನೋಡುತ್ತಾರೆ.

ಜಾಹೀರಾತು ಕೊಡಿಸಲೇಬೇಕು ಅಂದರೆ ಪೇಜಿನ ಫುಲ್ ಕಂಟ್ರೋಲ್ ನಿಮ್ಮ ಅಕೌಂಟಿನಲ್ಲಿ ಇರಲಿ. ನಂಬರ್ ನಿಮ್ಮದೇ ಹಾಕಿಸಿ. ಫೇಸ್‌ಬುಕ್‌ಗೆ ದುಡ್ಡು ನಿಮ್ಮ ಕಾರ್ಡಿನಿಂದಲೇ ಹೋಗಲಿ, ಆಗ ಎಷ್ಟು ಖರ್ಚಾಯಿತು ಅಂತಾದರೂ ಗೊತ್ತಾಗುತ್ತೆ.

ಆ ಹಳೆಯ ಪೋಸ್ಟರ್ ಇನ್ನೂ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. ನನ್ನ ಮುಖ, ಅವನ ನಂಬರ್. ನಿಮಗೂ ಬಂದರೆ ದಯವಿಟ್ಟು ಆ ನಂಬರಿಗೆ ಫೋನ್ ಮಾಡಬೇಡಿ.